ಭೀಮೆಯ ಎರಡು ದಡಗಳ ದ್ರಾಕ್ಷಾಸೀಮೆ

ಪುಣೆಯ ದಕ್ಷಿಣದ ಹೆಬ್ಬಾಗಿಲೆನಿಸಿದ ಸ್ವಾರಗೇಟಿಗೆ ಅಲ್ಲಿಯ ಕನ್ನಡಿಗರ ಜೀವನದಲ್ಲಿ ಒಂದು ವಿಶೇಷ ಸ್ಥಾನವುಂಟು. ಹಿಂದೆ ಕುದುರೆಸವಾರರ ಚೌಕಿ ಇಲ್ಲಿದ್ದುದರಿಂದ ಈ ಹೆಸರು ಬಂದಿತೆಂಬ ಪ್ರತೀತಿ ಇದೆ. ಇಂದು ಇಲ್ಲಿಂದ ಹೊರಡುವ ಬಸ್ಸುಗಳು ಒಂದು ಕಡೆ ಸಾತಾರೆ, ಕೊಲ್ಲಾಪುರಗಳಿಗೂ ಇನ್ನೊಂದು ಕಡೆ ಸೊಲ್ಲಾಪುರಕ್ಕೂ ಪ್ರಯಾಣಿಕರನ್ನು ಒಯ್ಯುತ್ತವೆ. ಸೊಲ್ಲಾಪುರದ ದಾರಿಯೇ ಮುಂದೆ ಧೂಳಖೇಡದ ಬಳಿ ಭೀಮಾನದಿಯನ್ನು ದಾಟಿ ವಿಜಯಪುರವನ್ನು ಸೇರುತ್ತದೆ. ಹಬ್ಬಕ್ಕೂ ಜಾತ್ರೆಗೂ ಊರಿಗೆ ಹೊರಟ ಕನ್ನಡಿಗನು ರಾತ್ರಿಯ ನಿದ್ರೆಯಲ್ಲಿ ಕಳೆದುಬಿಡುವ ಈ ದಾರಿಯ ಇಕ್ಕೆಲಗಳಲ್ಲಿ ದೇಶದ ಪ್ರಮುಖ ದ್ರಾಕ್ಷಾಸೀಮೆಗಳಲ್ಲೊಂದು ಹಬ್ಬಿಕೊಂಡಿದೆ. ದ್ರಾಕ್ಷಾಮದ್ಯದ ಮಾತು ಬಂದಾಗ ನಾಸಿಕವನ್ನೂ ನಂದಿಬೆಟ್ಟದ ತಪ್ಪಲನ್ನೂ ನೆನೆಯುವುದು ವಾಡಿಕೆ. ಆದರೆ ಬಳ್ಳಿಯ ಬಾಳನ್ನು ಅರಿಯಬೇಕಾದರೆ ಭೀಮೆಯ ಈ ಬಯಲನ್ನು ನೋಡಬೇಕು.

ದ್ರಾಕ್ಷಿಯ ಮದ್ಯವು ಭಾರತಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ದ್ರಾಕ್ಷಾರಸದಿಂದಾದ ಪಾನವನ್ನು ‘ಮಧು’ ಎಂದು ಕರೆದು, ಕಾಪಿಶಾಯನ, ಹಾರಹೂರಕ ಎಂಬ ಅದರ ಎರಡು ಬಗೆಗಳನ್ನು ಹೇಳುತ್ತದೆ. ಇವು ಆಯಾ ನಾಡುಗಳಿಂದ ಬಂದ ಹೆಸರುಗಳು. ಕಾಪಿಶಿಯು ಇಂದಿನ ಆಫಘಾನಿಸ್ತಾನದಲ್ಲಿದೆ. ಅಂದಮೇಲೆ ಆಗಲೂ ಒಳ್ಳೆಯ ಮದ್ಯದ ಕೀರ್ತಿ ದೂರದೇಶದ್ದೇ ಆಗಿತ್ತು. ಕ್ರಿ. ಶ. ಒಂದನೆಯ ಶತಮಾನದ ಗ್ರೀಕ್ ನೌಕಾಗ್ರಂಥವಾದ ‘ಪೆರಿಪ್ಲಸ್’, ಭರುಕಚ್ಛದ ಬಂದರಿಗೆ ಇಟಲಿಯ, ಲವೊದಿಕೆಯದ ಹಾಗೂ ಅರಬ್ ದೇಶದ ಮದ್ಯಗಳು ಬರುತ್ತಿದ್ದುವೆಂದೂ ಅವುಗಳಲ್ಲಿ ಇಟಲಿಯದಕ್ಕೆ ಹೆಚ್ಚು ಬೇಡಿಕೆಯಿತ್ತೆಂದೂ ತಿಳಿಸುತ್ತದೆ. ಅದೇ ಗ್ರಂಥವು ಹೆಸರಿಸುವ ಒಳನಾಡಿನ ಪೇಟೆಗಳಾದ ಪೈಠಣ ಮತ್ತು ತಗರಗಳು ದಖ್ಖನಿನವು. ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರು ೧೯೫೪-೫೬ರಲ್ಲಿ ನೇವಾಸೆಯಲ್ಲಿ ನಡೆಸಿದ ಉತ್ಖನನದಲ್ಲಿ ಮದ್ಯ ಸಾಗಿಸುವ ಎರಡು ಹಿಡಿಗಳ ಜಾಡಿಗಳ ಚೂರುಗಳು ದೊರೆತುವು. ಪಶ್ಚಿಮ ಭಾರತದಲ್ಲಿ ರೋಮಿನವೆಂದು ಭಾವಿಸಲಾಗಿದ್ದ ಇಂಥ ಚೂರುಗಳಲ್ಲಿ ಹಲವು ಮೆಸೊಪೊಟೇಮಿಯದ ಕಡೆಯವೆಂದು ಈಚಿನ ಸಂಶೋಧನೆ ತೋರಿಸಿದೆ. ಮೂಲ ಯಾವುದಾದರೂ ಇರಲಿ, ಜಾಡಿಗಳು ಹೊರಗಿನಿಂದ ಬಂದುವೆಂಬುದರಲ್ಲಿ ಸಂಶಯವಿಲ್ಲ. ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ. ಶಿಲಾಹಾರ ಅರಸರು ತಮ್ಮ ಶಾಸನಗಳಲ್ಲಿ ‘ತಗರಪುರವರಾಧೀಶ್ವರ’ ಎಂದು ಹೇಳಿಕೊಂಡದ್ದು ಇದೇ ಊರಿನ ಅಭಿಮಾನದಿಂದ.

ದಖ್ಖನಿನ ಬಳ್ಳಿಯ ಬಗ್ಗೆ ಸ್ಪಷ್ಟವಾದ ಸಾಕ್ಷ್ಯವೊಂದು ಹದಿನಾಲ್ಕನೆಯ ಶತಮಾನದ್ದು. ದೌಲತಾಬಾದಿನಲ್ಲಿ ದ್ರಾಕ್ಷಿ, ದಾಳಿಂಬೆಗಳು ವರ್ಷಕ್ಕೆ ಎರಡು ಸಲ ಫಲ ಕೊಡುತ್ತವೆಂದು ಇಬ್ನ್ ಬತೂತನು ಬರೆದಿದ್ದಾನೆ. ಯಾತ್ರಿಕನಿಗೆ ಸೋಜಿಗವಾದ ಈ ಸಂಗತಿಯೇ ದಖ್ಖನಿನ ದ್ರಾಕ್ಷಿ ಬೇಸಾಯದ ಗುಟ್ಟು. ಶೀತದೇಶಗಳಲ್ಲಿ ಚಳಿಗಾಲದ ತುಂಬ ಮಲಗುವ ಬಳ್ಳಿಗೆ ಇಲ್ಲಿ ನಿದ್ರೆಯೇ ಇಲ್ಲ. ಬೆಂಗಳೂರು, ಚಿಕ್ಕಬಳ್ಳಾಪುರಗಳ ‘ಬೆಂಗಳೂರು ನೀಲಿ’ ದ್ರಾಕ್ಷಿಯಿಂದ ಇಂದಿಗೂ ವರ್ಷಕ್ಕೆ ಎರಡು ಬೆಳೆ ತೆಗೆಯುವುದುಂಟು. ಭೀಮೆಯ ಬಯಲಿನ ರೈತನಾದರೋ ಎರಡು ಸಲ ಬಳ್ಳಿ ಕತ್ತರಿಸಿ ಒಂದೇ ಬೆಳೆ ತೆಗೆಯುತ್ತಾನೆ. ಏಪ್ರಿಲಿನ ಕತ್ತರಿಯು ಕಡ್ಡಿಯನ್ನು ಬೆಳೆಸಿ ಅದರ ಕಣ್ಣುಗಳಲ್ಲಿ ಮುಂದಿನ ಗೊನೆಯನ್ನು ಅಡಗಿಸುತ್ತದೆ. ಅಕ್ಟೋಬರಿನ ಕತ್ತರಿಯು ಆ ಗೊನೆಯನ್ನು ಹೊರಗೆ ಕರೆಯುತ್ತದೆ. ಹಣ್ಣು ಮಾಗುವುದು ಮಳೆಯಿಲ್ಲದ ಬಿಸಿಲಿನ ತಿಂಗಳುಗಳಲ್ಲಿ. ಈ ಕತ್ತರಿಸುವಿಕೆಗೆ ವಿಜಯಪುರದ ಕನ್ನಡ ರೈತನು ‘ಚಾಟ್ನಿ’ ಎನ್ನುತ್ತಾನೆ. ಅದು ಮರಾಠಿಯ ‘ಛಾಟಣಿ’. ವಿದ್ಯೆಯು ಯಾವ ದಾರಿಯಿಂದ ಬಂದಿತೆಂಬುದನ್ನು ಶಬ್ದವೇ ಹೇಳುತ್ತದೆ.

ಆ ದಾರಿ ಸೊಲ್ಲಾಪುರ, ಸಾಂಗಲಿಗಳದು. ಹಳೆಯ ಭೋಕರಿ ತಳಿಯ ಸ್ಥಾನವನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೀಜವಿಲ್ಲದ ಥಾಮ್ಸನ್ ತಳಿ ಆಕ್ರಮಿಸಿತು. ಅದರಿಂದಲೇ ತಾಸಗಾಂವ ತಾಲೂಕಿನಲ್ಲಿ ‘ತಾಸ್-ಎ-ಗಣೇಶ’ವೂ ಸೊಲ್ಲಾಪುರದ ಬಳಿಯ ನಾನ್ನಜದಲ್ಲಿ ‘ಸೋನಾಕಾ’ವೂ ರೈತರ ಕಣ್ಣಿಗೆ ಬಿದ್ದು ಹೊಸ ತಳಿಗಳಾದುವು. ಬರವೂ ಸವಳೂ ತೋಟಗಳನ್ನು ಕಾಡಿದಾಗ ಅಮೇರಿಕದ ಟೆಕ್ಸಾಸಿನ ‘ಡಾಗ್‌ರಿಜ್’ ಬೇರಿನ ಮೇಲೆ ಕಸಿ ಕಟ್ಟುವ ರೂಢಿ ಬಂದಿತು. ಈ ಎಲ್ಲ ಅನುಭವವನ್ನು ಶಾಸ್ತ್ರಕ್ಕೆ ಒಳಪಡಿಸುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರವು ೧೯೯೭ರಲ್ಲಿ ಸ್ಥಾಪಿತವಾಗಿ, ಸೊಲ್ಲಾಪುರ ರಸ್ತೆಯ ಮಾಂಜರಿಯಲ್ಲಿ, ಸ್ವಾರಗೇಟಿಗೆ ಸಮೀಪದಲ್ಲಿಯೇ ಇದೆ.

ಇಷ್ಟು ದ್ರಾಕ್ಷಿ ಬೆಳೆಯುವ ಸೀಮೆಯು ಮದ್ಯದ ಸೀಮೆಯೂ ಆಗಬೇಕೆಂಬ ಆಸೆ ಸಹಜವಾದದ್ದು. ನಾರಾಯಣಗಾಂವದಲ್ಲಿ ೧೯೮೦ರ ದಶಕದಲ್ಲಿ ಫ್ರೆಂಚರ ನೆರವಿನಿಂದ ಬುರುಗಿನ ಮದ್ಯ ತಯಾರಾಯಿತು. ದೊಡ್ಡಬಳ್ಳಾಪುರದಲ್ಲಿ ೧೯೮೮ರಲ್ಲಿ ಗ್ರೋವರ್ ತೋಟ ಪ್ರಾರಂಭವಾಯಿತು. ಮಹಾರಾಷ್ಟ್ರ ಸರಕಾರವು ೨೦೦೧ರಲ್ಲಿಯೂ ಕರ್ನಾಟಕ ಸರಕಾರವು ೨೦೦೭ರಲ್ಲಿಯೂ ದ್ರಾಕ್ಷಿ ಸಂಸ್ಕರಣ ನೀತಿಗಳನ್ನು ಘೋಷಿಸಿದುವು. ಕರ್ನಾಟಕದ ನೀತಿಯಲ್ಲಿ ನಂದಿ ಕಣಿವೆಯ ಜೊತೆಗೆ ವಿಜಯಪುರವನ್ನೊಳಗೊಂಡ ಕೃಷ್ಣಾ ಕಣಿವೆಗೂ ಸ್ಥಾನ ದೊರೆಯಿತು. ಪುಣೆ-ಸೊಲ್ಲಾಪುರ ದಾರಿಗೆ ಸಮೀಪದ ರೋಟಿ ಗ್ರಾಮದಲ್ಲಿ ಫ್ರಾನ್ಸಿನ ಅರಮನೆಯನ್ನು ಹೋಲುವ ಮದ್ಯಾಲಯವೊಂದು ಎದ್ದಿತು. ಆದರೆ ೨೦೦೮ರ ಜಾಗತಿಕ ಆರ್ಥಿಕ ಮುಗ್ಗಟ್ಟಿನಲ್ಲಿ ಬೇಡಿಕೆ ಕುಸಿದಾಗ ಮಹಾರಾಷ್ಟ್ರದಲ್ಲಿ ಮದ್ಯದ ತಳಿ ನೆಟ್ಟಿದ್ದ ಅನೇಕ ರೈತರು ಕೊಳ್ಳುವವರಿಲ್ಲದೆ ಬಳ್ಳಿಗಳನ್ನೇ ಕಿತ್ತುಹಾಕಬೇಕಾಯಿತು. ಮದ್ಯದ ದ್ರಾಕ್ಷಿ ಚಿಕ್ಕದು, ಬೀಜವುಳ್ಳದ್ದು. ಕಾರ್ಖಾನೆ ಕೊಳ್ಳದಿದ್ದರೆ ಅದಕ್ಕೆ ಬೇರೆ ಸಂತೆಯಿಲ್ಲ.

ಭೀಮೆಯ ದಕ್ಷಿಣದ ರೈತನು ಬೇರೆ ದಾರಿ ಹಿಡಿದನು. ವಿಜಯಪುರ ಜಿಲ್ಲೆಯ ತಿಕೋಟ, ಬಬಲೇಶ್ವರಗಳಲ್ಲಿಯೂ ಅಥಣಿ ತಾಲೂಕಿನ ತೆಲಸಂಗದ ಕಡೆಯಲ್ಲಿಯೂ ಹಣ್ಣಿನ ಬಹುಭಾಗ ಒಣದ್ರಾಕ್ಷಿಯಾಗುತ್ತದೆ. ಕೊಯ್ದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡಿದರೆ ಸುಮಾರು ಎರಡು ವಾರಗಳಲ್ಲಿ ಒಣಗುತ್ತವೆ. ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣಹಣ್ಣು. ಹಸಿಹಣ್ಣನ್ನು ಬಂದ ಬೆಲೆಗೆ ಅಂದೇ ಮಾರಬೇಕು. ಒಣಗಿದ್ದನ್ನು ಶೀತಗೃಹದಲ್ಲಿಟ್ಟು ಬೆಲೆಗಾಗಿ ಕಾಯಬಹುದು. ತಾಸಗಾಂವ, ಸಾಂಗಲಿಗಳ ಪೇಟೆಗಳಲ್ಲಿ ಕನ್ನಡ ರೈತನ ಮಾಲು ಮರಾಠಿ ದಲಾಲನ ಕೂಗಿಗೆ ಹರಾಜಾಗುವುದು ಇಂದಿಗೂ ಸಾಮಾನ್ಯ ದೃಶ್ಯ. ಶೆಡ್ಡಿನಲ್ಲಿ ಹಣ್ಣು ಹರಡಿರುವಾಗ ಅಕಾಲದ ಒಂದು ಮಳೆ ಬಿದ್ದರೆ ಮಾತ್ರ ವರ್ಷದ ದುಡಿಮೆಯೆಲ್ಲ ಕಪ್ಪಾಗುತ್ತದೆ.

ಮಳೆ ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಕೇಡು. ಬಾರದಿದ್ದರೆ ಇನ್ನೂ ದೊಡ್ಡ ಕೇಡು. ಈ ಸೀಮೆಯ ಪ್ರೇಕ್ಷಣೀಯ ಸ್ಥಳಗಳಲ್ಲಿ ಹಲವು ನೀರಿನ ಸ್ಮಾರಕಗಳೇ ಆಗಿರುವುದು ಆಕಸ್ಮಿಕವಲ್ಲ. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನು ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕಟ್ಟಿಸಿದ ಕೆರೆಯ ನಡುವೆ ಸಿದ್ಧೇಶ್ವರ ಗುಡಿಯಿದೆ. ವಿಜಯಪುರದಲ್ಲಿ ೧೬೨೦ರ ತಾಜ್ ಬಾವಡಿಯುಂಟು. ನಗರದ ಪೂರ್ವಕ್ಕಿರುವ ಕುಮಟಗಿಯಲ್ಲಿ ಕೊಳದ ನಡುವಿನ ವಿಹಾರಮಂಟಪಗಳೂ ಕುದುರೆಯ ಮೇಲೆ ಚೆಂಡಾಡುವವರ ಮಾಸಿದ ಭಿತ್ತಿಚಿತ್ರಗಳೂ ಇವೆ. ಅಸಾರ್ ಮಹಲಿನ ಗೋಡೆಗಳ ಮೇಲೆ ಹೂಜಿ, ಬಟ್ಟಲುಗಳು ಚಿತ್ರಿತವಾಗಿವೆ; ಆಸ್ಥಾನದ ವಿಲಾಸದಲ್ಲಿ ಪಾನಕ್ಕಿದ್ದ ಸ್ಥಾನವನ್ನು ಅವು ಸೂಚಿಸುತ್ತವೆ. ಅಥಣಿಯ ದಾರಿ ಹಿಡಿದರೆ ಮೊದಲು ಸಿಗುವುದು ತೊರವೆ. ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ನರಸಿಂಹನ ಕ್ಷೇತ್ರವದು. ೧೫೯೯ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಹನು ಕಟ್ಟತೊಡಗಿ, ೧೬೨೪ರಲ್ಲಿ ಮಲಿಕ್ ಅಂಬರನ ದಾಳಿಗೆ ತುತ್ತಾದ ನವರಸಪುರದ ಅವಶೇಷಗಳೂ ಅಲ್ಲಿಯೇ ಇವೆ. ಅದನ್ನು ದಾಟಿದರೆ ತಿಕೋಟದ ತೋಟಗಳು. ಬರಗಾಲದಲ್ಲಿ ಇಲ್ಲಿಯ ರೈತರು ಟ್ಯಾಂಕರಿನ ನೀರು ಕೊಂಡು, ಕೃಷಿಹೊಂಡಕ್ಕೆ ತುಂಬಿ, ಹನಿಹನಿಯಾಗಿ ಬಳ್ಳಿಗೆ ಉಣಿಸಿದ್ದಾರೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಎತ್ತರದ ನೆಲಕ್ಕೆ ಏರಿದ ಮೇಲೆ ಆ ಕಷ್ಟ ಹಲವು ಊರುಗಳಲ್ಲಿ ತಗ್ಗಿದೆ.

ಅರಸನ ಬಟ್ಟಲು ಗೋಡೆಯ ಮೇಲಿನ ಚಿತ್ರವಾಗಿ ಉಳಿಯಿತು. ಹೊರನಾಡಿನ ಜಾಡಿಗಳು ಚೂರಾಗಿ ಮಣ್ಣು ಸೇರಿದುವು. ಉಳಿದು ಬಂದದ್ದು ಬಳ್ಳಿ, ಮತ್ತು ಅದಕ್ಕೆ ನೀರು ಹೊಂದಿಸುವ ಕೈ. ಮದ್ಯದ ಉದ್ಯಮವು ಮುಂದೆ ಇಲ್ಲಿ ಬೇರೂರಬಹುದು. ಹಾಗಾಗಬೇಕಾದರೆ ಹಣ್ಣು ಬೆಳೆದವನಿಗೆ ಒಣದ್ರಾಕ್ಷಿ ಕೊಡುವಷ್ಟು ಭರವಸೆಯನ್ನು ಅದು ಕೊಡಬೇಕಾಗುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಸ್ವಾರಗೇಟಿನಿಂದ ಹಗಲಿನ ಬಸ್ಸು ಹಿಡಿದವನಿಗೆ ಮಾಂಜರಿಯಿಂದ ತಿಕೋಟದವರೆಗೆ ಒಂದೇ ಬಳ್ಳಿಯ ಚಪ್ಪರ ಕಾಣುತ್ತದೆ. ಅದರ ಕೆಳಗಿನ ಮಾತು ಮಾತ್ರ ಭೀಮೆಗಿಂತ ಎಷ್ಟೋ ಮೊದಲೇ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿಯೇ, ಮರಾಠಿಯಿಂದ ಕನ್ನಡಕ್ಕೆ ತಿರುಗಿರುತ್ತದೆ.