ಯಾರು ಮೊದಲು ಬಂದವರು?

‘ನೀವು ಎಲ್ಲಿಂದ ಬಂದವರು?’ ಈ ಪ್ರಶ್ನೆ ನಮ್ಮ ಸೀಮೆಯ ಜನಕ್ಕೆ ಹೊಸದಲ್ಲ. ಸೈದಾಪುರ, ಯಾದಗಿರಿ ಸ್ಟೇಷನ್ನುಗಳಲ್ಲಿ ರೈಲು ಹತ್ತಿ ಗುಳೆ ಹೋದವರನ್ನು ಬೆಂಗಳೂರಿನ ಮೇಸ್ತ್ರಿ ಕೇಳುತ್ತಾನೆ, ಮುಂಬಯಿಯ ಖೋಲಿ ಮಾಲೀಕ ಕೇಳುತ್ತಾನೆ. ಊರಲ್ಲಿ ಉಳಿದವರನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಅವರ ಕೇರಿಯೇ ಉತ್ತರ ಹೇಳಿಬಿಡುತ್ತದೆ. ಈಗ ಇದೇ ಪ್ರಶ್ನೆಯನ್ನು ವಿಜ್ಞಾನಿಗಳು ರಕ್ತದ ಹನಿಗೆ ಕೇಳುತ್ತಿದ್ದಾರೆ. ಬಂದ ಉತ್ತರವನ್ನು ತಮಗೆ ಬೇಕಾದಂತೆ ತಿರುಚುವವರೂ ಹುಟ್ಟಿಕೊಂಡಿದ್ದಾರೆ. ಆದ್ದರಿಂದ ಈ ಚರಿತ್ರೆಯನ್ನು ನಾವು ನಮ್ಮ ನೆಲದಿಂದಲೇ ಓದಬೇಕಾಗಿದೆ.

ಮೊದಲು ನೆಲದ ಮಾತು ಕೇಳೋಣ. ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದ ಕೊನೆಗೆ ಉತ್ಖನನ ಮಾಡಿದರು. ಸುಣ್ಣಕಲ್ಲಿನ ಹಾಸು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗ ಅದು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ಪರೀಕ್ಷೆ ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದಿತು. ನಮ್ಮಂಥ ಮನುಷ್ಯ ಆಫ್ರಿಕಾದಲ್ಲಿ ಕಾಣಿಸಿಕೊಂಡು ಸುಮಾರು 3 ಲಕ್ಷ ವರ್ಷವಾಗಿದೆ. ಅಂದರೆ ಈ ಮಣ್ಣಿನ ಮೊದಲ ಕಲ್ಲುಕುಟಿಗರು ನಮ್ಮ ಕುಲದ ಮನುಷ್ಯರೇ ಅಲ್ಲ. ನಾವೆಲ್ಲ ಆಮೇಲೆ ನಡೆದು ಬಂದವರು. ಅಗ್ರಹಾರದವನೂ ಬಂದವನೇ, ಹೊಲಗೇರಿಯವನೂ ಬಂದವನೇ.

ಸುರಪುರ ಸೀಮೆಯ ಬೂದಿಹಾಳಕ್ಕೆ ಬನ್ನಿ. ಊರ ಹೆಸರಿನಲ್ಲೇ ಬೂದಿ ಇದೆ. 4 ಸಾವಿರ ವರ್ಷಗಳ ಹಿಂದೆ ಇಲ್ಲಿ ದನ ಸಾಕುವವರು ದೊಡ್ಡಿ ಕಟ್ಟಿದ್ದರು, ಸಗಣಿ ಗುಡ್ಡೆ ಹಾಕಿ ಸುಡುತ್ತಿದ್ದರು. ಆ ಬೂದಿಯೇ ದಿಬ್ಬವಾಗಿದೆ. ಹಿಂದಿನ ಮಹಬೂಬ್‌ನಗರ ಜಿಲ್ಲೆಯ ಉತ್ನೂರಿನಲ್ಲಿ ರೇಮಂಡ್ ಆಲ್ಚಿನ್ 1957ರಲ್ಲಿ ಇಂಥದೇ ದಿಬ್ಬ ಅಗೆದಾಗ ದನಗಳ ಗೊರಸಿನ ಗುರುತು ಹಾಗೇ ಉಳಿದಿತ್ತು. ಬೂದಿಹಾಳದಲ್ಲಿ ಪದ್ದಯ್ಯನವರ ತಂಡಕ್ಕೆ ಇನ್ನೊಂದು ಸಿಕ್ಕಿತು: ದನ ಕಡಿದು ಹಂಚಿದ ನೆಲ, ಮೂಳೆಗಳ ಸಮೇತ. ದನದ ಮಾಂಸ ಅಂದರೆ ಮೂಗು ಮುಚ್ಚಿಕೊಳ್ಳುವವರು ಇದನ್ನು ಒಮ್ಮೆ ನೋಡಬೇಕು. ಈ ಸೀಮೆಯ ಮೊದಲ ಹಟ್ಟಿಯವರು ಕೂಡಿ ಉಂಡ ಊಟ ಅದು. ಅದನ್ನೇ ಮುಂದೆ ಕೆಲವರ ಕೊರಳಿಗೆ ಕಳಂಕವಾಗಿ ಕಟ್ಟಿದ್ದು ಯಾರು, ಯಾಕೆ?

ಗಂಗಾಳದೊಳಗಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಆ ದಿಬ್ಬಗಳ ಕಾಲದ ದಕ್ಷಿಣದ ಹಟ್ಟಿಗಳಲ್ಲಿ ಬೆಳೆದದ್ದು ಹುರುಳಿ, ಹೆಸರು, ಕೊರಲೆ. ನಾವು ನಮ್ಮದು ಅಂತ ಎದೆ ತಟ್ಟಿಕೊಳ್ಳುವ ಜೋಳ ಆಫ್ರಿಕಾದಿಂದ ಬಂದದ್ದು. ಲಗ್ನಕ್ಕೆ ಬೇಕೇಬೇಕಾದ ಎಲೆ-ಅಡಿಕೆ ಆಗ್ನೇಯ ಏಷ್ಯಾದಿಂದ ಕಡಲ ದಾರಿಯಲ್ಲಿ ಬಂದದ್ದು.

ಆ ಕಡಲ ದಾರಿ ತುಳಿದವರ ಕತೆಯನ್ನೂ ಕೇಳಬೇಕು. ಆಸ್ಟ್ರೋನೇಷ್ಯನ್ ಎಂದು ಕರೆಯುವ ಭಾಷೆಗಳನ್ನಾಡುವ ಜನರ ಹಿರಿಯರು ಸುಮಾರು 5 ಸಾವಿರ ವರ್ಷಗಳ ಹಿಂದೆ ತೈವಾನಿನಲ್ಲಿದ್ದರು. ಅಲ್ಲಿಂದ ದೋಣಿ ಬಿಟ್ಟು ಫಿಲಿಪ್ಪೀನ್ಸ್, ಇಂಡೋನೇಷ್ಯಾ ದಾಟಿ, ಪೂರ್ವಕ್ಕೆ ನ್ಯೂಜಿಲೆಂಡಿನವರೆಗೆ, ಪಶ್ಚಿಮಕ್ಕೆ ಮಡಗಾಸ್ಕರದವರೆಗೆ ಹೋದರು. ಮಡಗಾಸ್ಕರದವರ ಮಾತು ದೂರದ ಬೋರ್ನಿಯೋದ ಮಾತಿನ ತಂಗಿ. ಆದರೆ ಅವರ ವಂಶವಾಹಿಯಲ್ಲಿ ಅರ್ಧದಷ್ಟು ಆಫ್ರಿಕಾ ಇದೆ. ವನವಾಟು ದ್ವೀಪಗಳಿಗೆ ಸುಮಾರು 3 ಸಾವಿರ ವರ್ಷಗಳ ಹಿಂದೆ ಬಂದ ಮೊದಲಿಗರ ಮೂಳೆಯಲ್ಲಿ ಏಷ್ಯಾದ ಅಂಶವೇ ತುಂಬಿತ್ತು ಎಂದು 2016ರಲ್ಲಿ ತಿಳಿಯಿತು. ಇಂದು ಅಲ್ಲಿನವರಲ್ಲಿ ಹೆಚ್ಚಿನದು ಪಾಪುವಾ ಕಡೆಯ ಅಂಶ. ಮಾತು ಮಾತ್ರ ಮೊದಲಿಗರದೇ ಉಳಿದಿದೆ. ನುಡಿ ಒಂದು ದಾರಿ ಹಿಡಿಯುತ್ತದೆ, ರಕ್ತ ಇನ್ನೊಂದು ದಾರಿ. ನುಡಿಯಿಂದ ರಕ್ತ ಅಳೆಯುವವರು, ರಕ್ತದಿಂದ ಯೋಗ್ಯತೆ ಅಳೆಯುವವರು ಇಬ್ಬರೂ ಎಡವುತ್ತಾರೆ.

ನಮ್ಮಲ್ಲಿ ಹೀಗೆ ಅಳೆದವರು ಕಡಿಮೆಯೇ? 1841ರಲ್ಲಿ ಸುರಪುರಕ್ಕೆ ಬಂದ ಮೆಡೋಸ್ ಟೇಲರ್ ಇಲ್ಲಿನ ಕಲ್ಲುಗೋರಿಗಳನ್ನು ಶ್ರದ್ಧೆಯಿಂದ ದಾಖಲಿಸಿದ. ಆದರೆ ಅವನ ಕಣ್ಣಿಗೆ ಅವು ಕೆಲ್ಟರ, ಸಿಥಿಯನ್ನರ ಕೆಲಸವಾಗಿ ಕಂಡವು. ಅಂಥಾ ಕಲ್ಲು ಎತ್ತಿದವರು ಇಲ್ಲಿಯ ಜನರೇ ಇರಬಹುದೆಂದು ತೋಚಲಿಲ್ಲ. 1901ರ ಜನಗಣತಿಯ ಅಧಿಕಾರಿ ರಿಸ್ಲೆ ಮೂಗು ಅಳೆದು ಜಾತಿಯ ಏಣಿಶ್ರೇಣಿಗೆ ವಿಜ್ಞಾನದ ಮುದ್ರೆ ಒತ್ತಿದ. ಇದಕ್ಕೆ ಅಂಬೇಡ್ಕರ್ 1948ರಲ್ಲಿ ‘ಅಸ್ಪೃಶ್ಯರು’ ಕುರಿತ ಪುಸ್ತಕದಲ್ಲಿ ಉತ್ತರ ಕೊಟ್ಟರು: ಮೂಗಿನ ಅಳತೆಯನ್ನೇ ನಂಬುವುದಾದರೆ ಬ್ರಾಹ್ಮಣ, ಅಸ್ಪೃಶ್ಯ ಇಬ್ಬರೂ ಒಂದೇ ಜನಾಂಗವೆಂದಾಗುತ್ತದೆ. ಅದಕ್ಕೂ ಮೊದಲು, 1916ರಲ್ಲಿ, ಕೊಲಂಬಿಯಾದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಅವರು ಜಾತಿಯ ಗುಟ್ಟು ಹಿಡಿದಿದ್ದರು: ಜಾತಿ ಹುಟ್ಟುವುದು ರಕ್ತದಿಂದಲ್ಲ, ಒಳಗೊಳಗೇ ಲಗ್ನವೆಂಬ ಕಟ್ಟಳೆಯಿಂದ.

ಸುಮಾರು ನೂರು ವರ್ಷ ಕಳೆದ ಮೇಲೆ ವಂಶವಾಹಿ ವಿಜ್ಞಾನ ಅದೇ ಬಾಗಿಲಿಗೆ ಬಂದು ನಿಂತಿದೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆ ಮತ್ತು ಅಮೆರಿಕದ ವಿಜ್ಞಾನಿಗಳು 2009ರಲ್ಲಿ, 2013ರಲ್ಲಿ ಪ್ರಕಟಿಸಿದ ಅಧ್ಯಯನಗಳ ಸಾರ ಇಷ್ಟು: ಇಂದಿನ ಹೆಚ್ಚುಕಡಿಮೆ ಎಲ್ಲ ಭಾರತೀಯರೂ ಹಳೆಯ ಎರಡು ಜನಧಾರೆಗಳ ಮಿಶ್ರಣ. ಪ್ರಮಾಣ ಬೇರೆ ಬೇರೆ, ಬೆರೆಯದವರು ಇಲ್ಲವೆನ್ನುವಷ್ಟು ಕಡಿಮೆ. ಸುಮಾರು 4,200 ವರ್ಷಗಳ ಹಿಂದಿನಿಂದ 1,900 ವರ್ಷಗಳ ಹಿಂದಿನವರೆಗೆ ಜನ ಧಾರಾಳವಾಗಿ ಬೆರೆತರು. ಆಮೇಲೆ ಬಾಗಿಲು ಹಾಕಿಕೊಂಡಿತು. 2017ರ ಅಧ್ಯಯನ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿ, 81ರಲ್ಲಿ ಸ್ವಲ್ಪವೇ ಹಿರಿಯರ ರಕ್ತ ಮತ್ತೆ ಮತ್ತೆ ಸುತ್ತಿರುವುದನ್ನು ಕಂಡಿತು. ಇದರಿಂದ ಅಡಗಿದ್ದ ವಂಶರೋಗಗಳು ಮಕ್ಕಳಲ್ಲಿ ತಲೆಯೆತ್ತುತ್ತವೆ. ಜಾತಿ ಮನಸ್ಸನ್ನಷ್ಟೇ ಕೆಡಿಸಿಲ್ಲ, ಮೈಯನ್ನೂ ಬಿಟ್ಟಿಲ್ಲ.

ಇನ್ನು, ಹೊರಗಿಂದ ಯಾರೂ ಬರಲೇ ಇಲ್ಲ ಅನ್ನುವ ಹೊಸ ಪುರಾಣ. ಪ್ರಾಚೀನ ಕಾಲದ 523 ಜನರ ಡಿಎನ್‌ಎ ನೋಡಿದ 2019ರ ಅಧ್ಯಯನ ಅದನ್ನು ಮುರಿದಿದೆ. ಹರಪ್ಪ ಪಟ್ಟಣಗಳು ಕುಂದಿದ ಮೇಲೆ ಮಧ್ಯ ಏಷ್ಯಾದ ಹುಲ್ಲುಗಾವಲಿನ ಜನರ ಅಂಶ ಇಲ್ಲಿಗೆ ಬಂತು. ಪುರೋಹಿತ ಗುಂಪುಗಳಲ್ಲಿ ಅದು ಹೆಚ್ಚಾಗಿ ಕಾಣುತ್ತದೆ.

ಹಾಗಾದರೆ ‘ನಾವು ಮೂಲನಿವಾಸಿಗಳು’ ಅಂದುಬಿಟ್ಟರೆ ಸಾಕೇ, ಎಂದು ನಮ್ಮ ಹುಡುಗರು ಕೇಳುತ್ತಾರೆ. ‘ಆದಿ’ ಎಂಬ ಮಾತಿಗೆ ನಾವು ತಲೆಬಾಗುತ್ತೇವೆ. 1917ರಲ್ಲಿ ಬೆಜವಾಡದ ಸಭೆಯಲ್ಲಿ ಹೈದರಾಬಾದಿನ ಭಾಗ್ಯರೆಡ್ಡಿ ವರ್ಮ ಮತ್ತವರ ಗೆಳೆಯರು ‘ಪಂಚಮ’ ಎಂಬ ಹೆಸರನ್ನು ಎಸೆದು ‘ಆದಿ ಆಂಧ್ರ’ ಅಂದದ್ದು ಸಣ್ಣ ಧೈರ್ಯವಲ್ಲ. ಅದು ಸ್ವಾಭಿಮಾನದ ಮಾತು. ಅದನ್ನು ರಕ್ತದ ಮಾತಾಗಿ ಮಾಡಿಕೊಂಡರೆ ಮಾತ್ರ ನಾವು ರಿಸ್ಲೆಯ ಅಳತೆಗೋಲನ್ನೇ ಕೈಗೆತ್ತಿಕೊಂಡಂತೆ. ನಾಳೆ ಯಾರೋ ಒಂದು ಹನಿ ರಕ್ತ ತೋರಿಸಿ, ‘ನೀವೂ ಬೆರಕೆ, ನಿಮಗೇನು ಹಕ್ಕು?’ ಅಂದರೆ ಏನು ಹೇಳೋಣ?

ನಮ್ಮ ಹಕ್ಕಿಗೆ ಡಿಎನ್‌ಎ ಚೀಟಿ ಬೇಕಿಲ್ಲ. ಮೊದಲು ಬಂದೆವೆಂದು ನಾವು ಭೂಮಿ ಕೇಳುವುದಿಲ್ಲ. ಉತ್ತು ಬಿತ್ತಿ ಬೆವರು ಸುರಿಸಿದ್ದೇವೆಂದು ಕೇಳುತ್ತೇವೆ. ಲಕ್ಷ ಲಕ್ಷ ವರ್ಷಗಳ ಚರಿತ್ರೆಯಲ್ಲಿ ಈ ಬಾಗಿಲು ಹಾಕಿದ್ದು ಎರಡು ಸಾವಿರ ವರ್ಷಗಳ ಈಚೆಗೆ. ಹಾಕಿದವರು ಮನುಷ್ಯರು. ತೆಗೆಯುವವರೂ ಮನುಷ್ಯರೇ.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೇಳಿಕೆ. ಮಕ್ಕಳನ್ನು ಹಂಪಿ, ಬಿಜಾಪುರಕ್ಕೆ ಕರೆದೊಯ್ಯುತ್ತೀರಿ, ಒಳ್ಳೆಯದು. ಒಂದು ಸಲ ಬೂದಿಹಾಳಕ್ಕೂ ಕರೆದೊಯ್ಯಿರಿ. ಆ ದಿಬ್ಬದ ಮೇಲೆ ಎಲ್ಲ ಕೇರಿಯ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಬುತ್ತಿ ಬಿಚ್ಚಿಸಿರಿ. ಪಾಠ ಅಲ್ಲಿಂದ ಸುರುವಾಗಲಿ.