ಗಾಳಿಯ ಲೆಕ್ಕ ಹಿಡಿದ ಪ್ರಾಧ್ಯಾಪಕ: ರೊದ್ದಂ ನರಸಿಂಹ

ರೊದ್ದಂ ನರಸಿಂಹ 1962ರಿಂದ 1999ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದರು. ದೇಶದ ವಿಮಾನ, ಬಾಹ್ಯಾಕಾಶ ಮತ್ತು ಹವಾಮಾನ ನೀತಿಗಳ ಚರ್ಚೆಯಲ್ಲಿ ಹಲವು ದಶಕ ಅವರ ಮಾತಿಗೆ ತೂಕವಿತ್ತು. ಹುಟ್ಟಿದ್ದು 1933ರ ಜುಲೈ 20ರಂದು. ಮನೆತನದ ಮೂಲ ಆಂಧ್ರದ ರೊದ್ದಂ, ಬೆಳೆದದ್ದು ಬೆಂಗಳೂರು. ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಕನ್ನಡದಲ್ಲಿ ಖಗೋಳ ವಿಜ್ಞಾನ ಬರೆದ ಹಿರಿಯರ ಸಾಲಿನಲ್ಲಿ ಅವರ ಹೆಸರಿದೆ.

ನರಸಿಂಹ 1953ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಿಂದ ಮೆಕ್ಯಾನಿಕಲ್ ಪದವಿ ಪಡೆದರು. ಆ ದಿನಗಳಲ್ಲಿ ಮೆಕ್ಯಾನಿಕಲ್ ಪದವೀಧರನಿಗೆ ಸರ್ಕಾರಿ ನೌಕರಿ ಸಿಗುವುದು ಕಷ್ಟವಿರಲಿಲ್ಲ. ಆದರೆ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನವನ್ನು ನೋಡಿದ್ದ ಅವರು ಅದೇ ಸಂಸ್ಥೆ ಸೇರಿದರು. ಅಲ್ಲಿ ಸತೀಶ್ ಧವನ್ ಗುರುವಾದರು. ಮುಂದೆ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಹ್ಯಾನ್ಸ್ ಲೀಪ್‌ಮನ್ ಅವರ ಬಳಿ ಓದಿ 1961ರಲ್ಲಿ ಪಿಎಚ್.ಡಿ. ಮುಗಿಸಿದರು. ಮರುವರ್ಷವೇ ಊರಿಗೆ ಮರಳಿದರು.

ಅವರಿಗೆ ಹೆಸರು ತಂದ ಮೊದಲ ಕೆಲಸ ಅಮೆರಿಕಕ್ಕೆ ಹೋಗುವ ಮುಂಚೆಯೇ ಆಗಿತ್ತು. ಊದುಬತ್ತಿಯ ಹೊಗೆ ಸ್ವಲ್ಪ ದೂರ ನೆಟ್ಟಗೆ ಏರಿ, ಆಮೇಲೆ ಸುರುಳಿ ಸುರುಳಿಯಾಗಿ ಚದುರುತ್ತದೆ. ವಿಮಾನದ ರೆಕ್ಕೆಗೆ ಅಂಟಿದಂತೆ ಹರಿಯುವ ಗಾಳಿಯ ತೆಳುಪದರವೂ ಹಾಗೆಯೇ ನಯದಿಂದ ಗೊಂದಲಕ್ಕೆ ತಿರುಗುತ್ತದೆ. ಹಾಗೆ ತಿರುಗುವಾಗ ಅಲ್ಲಲ್ಲಿ ಗೊಂದಲದ ಪುಟ್ಟ ಮಚ್ಚೆಗಳು ಎದ್ದು, ಹಿಗ್ಗುತ್ತಾ ಹರಿವಿನ ದಿಕ್ಕಿನಲ್ಲಿ ಸಾಗುತ್ತವೆ. ಇಂಥ ಮಚ್ಚೆಗಳು ಮೇಲ್ಮೈಯ ಉದ್ದಕ್ಕೂ ಎಲ್ಲಿ ಬೇಕಾದರೂ ಹುಟ್ಟುತ್ತವೆ ಎಂಬ ಎಣಿಕೆಯಿತ್ತು. ಅಳತೆಗಳಿಗೆ ಅದು ಹೊಂದುತ್ತಿಲ್ಲವೆಂದೂ, ಮಚ್ಚೆಗಳು ಒಂದು ಕಿರಿದಾದ ಪಟ್ಟಿಯಲ್ಲೇ ಹುಟ್ಟುತ್ತವೆಂದೂ ನರಸಿಂಹ 1957ರಲ್ಲಿ ತೋರಿಸಿದರು. ರೆಕ್ಕೆಯ ಮೇಲಿನ ಘರ್ಷಣೆ, ಟರ್ಬೈನ್ ಅಲಗಿಗೆ ತಾಗುವ ಶಾಖ ಇವೆರಡರ ಲೆಕ್ಕಕ್ಕೂ ಈ ತಿಳಿವು ಬೇಕು. ಆಗ ಅವರಿಗೆ ಇಪ್ಪತ್ತನಾಲ್ಕರ ಹರೆಯ.

1970ರ ದಶಕದ ಕೊನೆಗೆ ಅವರು ವಿಮಾನ ತಯಾರಿಸುವ ಹಿಂದೂಸ್ತಾನ್ ಏರೋನಾಟಿಕ್ಸ್‌ನಲ್ಲಿ (ಎಚ್‌ಎಎಲ್) ಯೋಜನಾ ಸಂಯೋಜಕರಾಗಿ ಕೆಲಸ ಮಾಡಿದರು. ಪಾಠದ ಕೋಣೆಯಿಂದ ಕಾರ್ಖಾನೆಗೆ ಬಂದ ಈ ಅನುಭವ ಮುಂದಿನ ಹುದ್ದೆಗಳಿಗೆ ತಳಹದಿಯಾಯಿತು ಎನ್ನಬಹುದು. ಹುಲಸೂರ, ಬಸವಕಲ್ಯಾಣ, ಹುಮನಾಬಾದ್ ಸೀಮೆಯವರಿಗೆ ಬೀದರ್ ವಾಯುನೆಲೆಯ ತರಬೇತಿ ವಿಮಾನಗಳು ಹೊಸತಲ್ಲ. ವಾಯುಪಡೆಯ ವೈಮಾನಿಕ ಪ್ರದರ್ಶನದ ಸೂರ್ಯಕಿರಣ ತಂಡ ಮೊದಲು ಹಾರಿಸುತ್ತಿದ್ದ ಕಿರಣ್ ಎಚ್‌ಎಎಲ್‌ನದೇ ವಿನ್ಯಾಸ. 2008ರಲ್ಲಿ ಬೀದರಿಗೆ ಬಂದ ಹಾಕ್ ಬ್ರಿಟನ್ನಿನ ವಿನ್ಯಾಸ. ಹಾಕ್‌ಗಳಲ್ಲಿ ಬಹುಪಾಲು ಪರವಾನಗಿ ಪಡೆದು ಬೆಂಗಳೂರಿನಲ್ಲಿ ಕಟ್ಟಿದಂಥವು. ವಿಮಾನ ಕಟ್ಟುವುದು ಒಂದು ವಿದ್ಯೆ, ಅದನ್ನು ಮೊದಲಿಂದ ರೂಪಿಸುವುದು ಇನ್ನೊಂದು. ಎರಡನೆಯದು ದೇಶಕ್ಕೆ ಕೈಗೂಡಬೇಕೆಂಬುದು ನರಸಿಂಹರ ಪಟ್ಟು.

1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ನಿರ್ದೇಶಕರಾಗಿ ಅವರು ಆ ಪಟ್ಟನ್ನು ಕಾರ್ಯಕ್ಕಿಳಿಸಿದರು. ಭಾರಿ ಕಂಪ್ಯೂಟರುಗಳನ್ನು ಅಮೆರಿಕ ಸುಲಭವಾಗಿ ಕೊಡುತ್ತಿರಲಿಲ್ಲ. ಎನ್‌ಎಎಲ್ 1986ರಲ್ಲಿ ಹಲವು ಪ್ರೊಸೆಸರುಗಳನ್ನು ಜೋಡಿಸಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿತು. ಪುಣೆಯ ‘ಪರಮ್’ ಸೂಪರ್‌ಕಂಪ್ಯೂಟರ್ ಬಂದದ್ದು ಇದಾದ ಮೇಲೆ. ಎರಡು ಆಸನಗಳ ಹಂಸ ವಿಮಾನ 1993ರ ನವೆಂಬರಿನಲ್ಲಿ ಮೊದಲ ಸಲ ಹಾರಿತು. ಪ್ರಧಾನಿಯವರ ವಿಜ್ಞಾನ ಸಲಹಾ ಮಂಡಳಿಯಲ್ಲೂ, ಎರಡು ದಶಕಕ್ಕೂ ಹೆಚ್ಚು ಕಾಲ ಬಾಹ್ಯಾಕಾಶ ಆಯೋಗದಲ್ಲೂ ಅವರು ಸದಸ್ಯರಾಗಿದ್ದರು. 1997ರಿಂದ 2004ರವರೆಗೆ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ನಡೆಸಿದರು.

ಮಳೆಯ ಮೇಲೂ ಅವರ ಗಮನ ಹರಿಯಿತು. ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ವಿಜ್ಞಾನ ಕೇಂದ್ರ 1982ರಲ್ಲಿ ಶುರುವಾದದ್ದು ಅವರ ಮುಂದಾಳತ್ವದಲ್ಲಿ. 1990ರ ಮುಂಗಾರಿನಲ್ಲಿ ನಡೆದ ಮಾಂಟ್‌ಬ್ಲೆಕ್ಸ್ ಪ್ರಯೋಗದಲ್ಲಿ ಜೋಧಪುರ, ದೆಹಲಿ, ವಾರಾಣಸಿ, ಖರಗ್‌ಪುರಗಳಲ್ಲಿ ಗೋಪುರಗಳನ್ನು ನಿಲ್ಲಿಸಿ ನೆಲಕ್ಕೆ ಹತ್ತಿರದ ಗಾಳಿಯನ್ನು ಅಳೆಯಲಾಯಿತು. ಮೋಡವನ್ನು ಪ್ರಯೋಗಾಲಯದಲ್ಲೇ ಅನುಕರಿಸುವ ಸಾಹಸ ಇನ್ನೂ ಸ್ವಾರಸ್ಯದ್ದು. ನೀರಿನ ತೊಟ್ಟಿಯಲ್ಲಿ ಬಿಸಿನೀರಿನ ಧಾರೆಯನ್ನು ಮೇಲಕ್ಕೆ ಬಿಟ್ಟು, ಆ ಧಾರೆಗೆ ಚೂರು ಆಮ್ಲ ಬೆರೆಸಿ ವಿದ್ಯುತ್ ಹರಿಯುವಂತೆ ಮಾಡುತ್ತಿದ್ದರು. ಅಡ್ಡ ಕಟ್ಟಿದ ತಂತಿಬಲೆಗಳ ನಡುವೆ ವಿದ್ಯುತ್ ಹಾಯಿಸಿದರೆ ಧಾರೆ ದಾರಿಯಲ್ಲೇ ಮತ್ತಷ್ಟು ಕಾಯುತ್ತದೆ. ಆವಿ ಹನಿಯಾಗುವಾಗ ಮೋಡಕ್ಕೆ ಸಿಗುವ ಶಾಖದ ಪಾತ್ರವನ್ನು ಇದು ವಹಿಸುತ್ತದೆ. ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಈ ಕೆಲಸವನ್ನು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮುಪ್ಪಿನಲ್ಲೂ ಮುಂದುವರಿಸಿದರು.

ಇತಿಹಾಸವೂ ಅವರ ಕ್ಷೇತ್ರವಾಗಿತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್‌ಗಳ ಬಗ್ಗೆ 1985ರಲ್ಲಿ ಅವರು ಬರೆದ ಪ್ರಬಂಧ ಇಂದಿಗೂ ಆಧಾರವಾಗಿದೆ. ಲಂಡನ್ನಿನ ರಾಯಲ್ ಸೊಸೈಟಿ 1992ರಲ್ಲಿ ಅವರನ್ನು ಫೆಲೋ ಆಗಿ ಆರಿಸಿತು. ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್ ಮತ್ತು ಖಾಸಗಿ ಕಂಪನಿ ದೇವಾಸ್ ನಡುವಿನ ಒಪ್ಪಂದದ ಪ್ರಕರಣದಲ್ಲಿ ನಾಲ್ವರು ವಿಜ್ಞಾನಿಗಳಿಗೆ ಸರ್ಕಾರಿ ಹುದ್ದೆ ನಿಷೇಧಿಸಿದ ಕ್ರಮವನ್ನು ವಿರೋಧಿಸಿ, 2012ರಲ್ಲಿ ಬಾಹ್ಯಾಕಾಶ ಆಯೋಗಕ್ಕೆ ರಾಜೀನಾಮೆ ಕೊಟ್ಟರು. ಮರುವರ್ಷ ಅವರಿಗೆ ಪದ್ಮವಿಭೂಷಣ ಬಂತು. 2020ರ ಡಿಸೆಂಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಅವರು ಬಯಸಿದ್ದೆಲ್ಲ ಕೈಗೂಡಲಿಲ್ಲ. ಎನ್‌ಎಎಲ್‌ನ ಪ್ರಯಾಣಿಕ ವಿಮಾನ ಸರಸ್ 2004ರಲ್ಲಿ ಮೊದಲ ಸಲ ಹಾರಿತಾದರೂ, ಅವರು ತೀರಿಕೊಂಡಾಗಲೂ ವಾಣಿಜ್ಯ ಉತ್ಪಾದನೆಗೆ ಬಂದಿರಲಿಲ್ಲ.