ಸರ್ಪಗಂಧಿಯ ಬೇರೂ ರಕ್ತದ ಒತ್ತಡವೂ



ಉಜಿರೆಯಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೋಗುವವರಿಗೆ, ಮುಂಡಾಜೆಯನ್ನು ದಾಟಿದ ಮೇಲೆ, ಕಕ್ಕಿಂಜೆ ಎಂಬ ಊರು ಸಿಕ್ಕುವುದು. ಅಡಕೆಯ ತೋಟಗಳು, ತೋಟಗಳ ಹಿಂದೆ ಕಾಡು, ಕಾಡಿನ ಹಿಂದೆ ಘಟ್ಟ. ಆ ಸೀಮೆಯಲ್ಲಿ ಹರಿದು ನೇತ್ರಾವತಿಯನ್ನು ಕೂಡಿಕೊಳ್ಳುವ ಹೊಳೆಗೆ ಮೃತ್ಯುಂಜಯಾ ಎಂದು ಹೆಸರು. ಘಟ್ಟದ ಬುಡದ ತೇವದ ಕಾಡುಗಳ ನೆರಳಿನಲ್ಲಿ ಮೊಣಕಾಲೆತ್ತರದ ಗಿಡವೊಂದು ಬೆಳೆಯುವುದುಂಟು. ಗೆಣ್ಣಿಗೆ ಮೂರರಂತೆ ಎಲೆ, ಕೆಂಪು ತೊಟ್ಟಿನ ಬಿಳಿಯ ಹೂ, ಹಣ್ಣಾದಾಗ ಕಪ್ಪಿಗೆ ತಿರುಗುವ ಸಣ್ಣ ಕಾಯಿ, ನಾಲಗೆ ತಾಳಲಾರದಷ್ಟು ಕಹಿಯಾದ ಬೇರು. ಇದನ್ನು ಸರ್ಪಗಂಧಿಯೆಂದೂ ಸೂತ್ರನಾಭಿಯೆಂದೂ ಕರೆಯುವರು.

ನನ್ನ ದೊಡ್ಡಪ್ಪನವರು ಆ ಕಡೆಯ ತೋಟಗಾರರು. ರಕ್ತದ ಒತ್ತಡಕ್ಕಾಗಿ ವೈದ್ಯರು ಕೊಟ್ಟಿದ್ದ ಮಾತ್ರೆಗಳನ್ನು ಅವರು "ಮೈಯಲ್ಲಿ ಏನೂ ತೊಂದರೆಯಿಲ್ಲವಲ್ಲ" ಎಂದು ನಿಲ್ಲಿಸಿ, ಈ ಬೇರಿನ ಪುಡಿಯನ್ನು ಸೇವಿಸತೊಡಗಿದ್ದರು. ನಾನು ಆಕ್ಷೇಪಿಸಿದಾಗ, "ನೀವೆಲ್ಲ ನುಂಗುವ ಮಾತ್ರೆಯ ಮೂಲ ಇದೇ ಅಲ್ಲವೇನೋ? ಮೂಲವನ್ನೇ ತಿಂದರೆ ತಪ್ಪೇನು?" ಎಂದರು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹುಡುಕಿದುದರ ಫಲವೇ ಇಂದಿನ ಭಾಷಣ.

ಹಾವಿನ ಕಡಿತಕ್ಕೂ ಹುಚ್ಚಿಗೂ ನಿದ್ರೆ ಬಾರದವರಿಗೂ ಈ ಬೇರನ್ನು ಕೊಡುವ ರೂಢಿ ನಮ್ಮ ದೇಶದಲ್ಲಿ ಬಹುಕಾಲದಿಂದ ಇದ್ದಿತು. ಯೂರೋಪಿನ ಸಸ್ಯಶಾಸ್ತ್ರಜ್ಞರು ಈ ಕುಲಕ್ಕೆ ರೌವೋಲ್ಫಿಯಾ ಎಂದು ಹೆಸರಿಟ್ಟುದು ಹದಿನಾರನೆಯ ಶತಮಾನದ ಜರ್ಮನ್ ವೈದ್ಯನೊಬ್ಬನ ಗೌರವಾರ್ಥವಾಗಿ. ಪಾಪ, ಆತನು ಭಾರತಕ್ಕೆ ಬಂದವನೇ ಅಲ್ಲ! ಅದಿರಲಿ. ಇಷ್ಟು ಕಾಲ ಬಳಕೆಯಲ್ಲಿದ್ದ ಬೇರಿಗೆ ರಕ್ತದ ಒತ್ತಡವನ್ನು ಇಳಿಸುವ ಗುಣವಿದೆಯೆಂಬುದು ಏಕೆ ಹೊಳೆಯಲಿಲ್ಲ? ಒತ್ತಡವನ್ನು ಅಳೆಯುವ ಸಾಧನವೇ ಇರಲಿಲ್ಲವೆಂಬುದೇ ಕಾರಣವೆಂದು ನನಗೆ ತೋರುವುದು. ತೋಳಿಗೆ ಪಟ್ಟಿ ಕಟ್ಟಿ ಪಾದರಸದ ಕೊಳವೆಯಲ್ಲಿ ಒತ್ತಡವನ್ನು ಅಳೆಯುವ ಕ್ರಮವನ್ನು ಇಟಲಿಯ ರಿವಾ-ರೋಚಿಯು 1896ರಲ್ಲಿ ಪ್ರಕಟಿಸಿದನು. ಆ ಪಟ್ಟಿಯ ಕೆಳಗೆ ನಾಡಿಯ ಸದ್ದನ್ನು ಕೇಳುವ ಬಗೆಯನ್ನು ರಷ್ಯದ ಕೊರೊಟ್ಕಾಫನು 1905ರಲ್ಲಿ ತಿಳಿಸಿದನು. ನೋವನ್ನೂ ಜ್ವರವನ್ನೂ ತೋರದ ರೋಗವು ಹೀಗೆ ಅಂಕೆಯಾಗಿ ಕಣ್ಣಿಗೆ ಬಿದ್ದಿತು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ ಸರ್ಪಗಂಧಿಯು ಚಿತ್ತವಿಕಾರಕ್ಕೆ ಮಾತ್ರವಲ್ಲದೆ ಏರಿದ ಒತ್ತಡಕ್ಕೂ ಔಷಧವೆಂದು ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಬೇರಿನಿಂದ ಒಂದು ಕ್ಷಾರವನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ಸ್ಮರಣೆಗೆ ಅಜ್ಮಲೀನ್ ಎಂದು ಕರೆದರು. ಹೃದಯದ ಬಡಿತದ ಲಯವನ್ನು ತಿದ್ದುವ ಶಕ್ತಿ ಅದಕ್ಕಿದ್ದುದು ಆಮೇಲೆ ತಿಳಿದುಬಂದಿತು.

ಹೊರದೇಶದವರ ಕಿವಿ ತೆರೆದುದು ತಡವಾಗಿ. ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ಅವರು 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ಒತ್ತಡ 300/190 ಇದ್ದಿತು. ಅಷ್ಟು ದೊಡ್ಡ ದೇಶದ ವೈದ್ಯರ ಕೈಯಲ್ಲೂ ಅದಕ್ಕೆ ತಕ್ಕ ಮದ್ದಿರಲಿಲ್ಲ. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಮ್ ಜಾಲ್ ವಕೀಲರು 50 ರೋಗಿಗಳ ಅನುಭವವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಎಲ್ಲರೂ ಈ ಬೇರಿನ ಕಡೆಗೆ ತಿರುಗಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅದರ ಮುಖ್ಯ ಸತ್ತ್ವವಾದ ರೆಸರ್ಪಿನ್ ಬೇರ್ಪಟ್ಟಿತು.

ಅದು ಮಾಡುವ ಕೆಲಸವಾದರೂ ಏನು? ತೋಟಕ್ಕೆ ಪಂಪಿನಿಂದ ನೀರು ಹಾಯಿಸುವವರಿಗೆ ಇದು ಸುಲಭವಾಗಿ ತಿಳಿಯುವುದು. ಕೊಳವೆಯ ಬಾಯನ್ನು ಹಿಸುಕಿದರೆ ಒಳಗಿನ ಒತ್ತಡ ಏರುವುದಷ್ಟೆ? ನಮ್ಮ ರಕ್ತನಾಳಗಳನ್ನು ಹಿಸುಕುವ ಕೈ ನರಗಳದು. ನರದ ತುದಿಯಲ್ಲಿರುವ ಅತಿಸೂಕ್ಷ್ಮವಾದ ಚೀಲಗಳಲ್ಲಿ ನಾರ್‌ಅಡ್ರಿನಲಿನ್ ಎಂಬ ದ್ರವ್ಯ ಕೂಡಿಟ್ಟಿರುವುದು. ಅದು ಹೊರಬಂದೊಡನೆ ನಾಳ ಕುಗ್ಗುವುದು, ಗುಂಡಿಗೆ ಜೋರಾಗಿ ಬಡಿಯುವುದು. ಆ ಚೀಲಗಳು ತುಂಬದಂತೆ ರೆಸರ್ಪಿನ್ ತಡೆಯುವುದು. ಕಣಜ ಬರಿದಾದ ಮೇಲೆ ನಾಳವು ಸಡಿಲಾಗಿ ಬಡಿತವೂ ನಿಧಾನವಾಗುವುದು. ಮೆದುಳಿನಲ್ಲಿಯೂ ಇಂಥವೇ ಚೀಲಗಳಿವೆ. ಹುಚ್ಚಿಗೆ ಕೊಟ್ಟ ಬೇರು ಒತ್ತಡಕ್ಕೂ ಹಿಡಿದುದರ ಗುಟ್ಟು ಇದೇ. ಪ್ರಮಾಣ ಮೀರಿದರೆ ರೋಗಿಯು ಖಿನ್ನನಾಗಿ ಮೂಲೆ ಹಿಡಿಯುವುದಕ್ಕೂ ಇದೇ ಕಾರಣ.

ದೊಡ್ಡಪ್ಪನವರ ಮೊದಲನೆಯ ಮಾತಿಗೆ, ಅಂದರೆ ತೊಂದರೆಯಿಲ್ಲದವನಿಗೆ ಮದ್ದೇಕೆ ಎಂಬುದಕ್ಕೆ, 1967ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆ ಉತ್ತರ ಹೇಳಿತು. ಕೆಳಗಿನ ಅಂಕೆ 115ರಿಂದ 129ರವರೆಗೆ ಇದ್ದ 143 ಮಂದಿಯಲ್ಲಿ ಕೆಲವರಿಗೆ ರೆಸರ್ಪಿನ್ ಸೇರಿದ ಔಷಧಗಳನ್ನೂ ಉಳಿದವರಿಗೆ ಸತ್ತ್ವವಿಲ್ಲದ ಬರಿಯ ಮಾತ್ರೆಗಳನ್ನೂ ಕೊಟ್ಟರು. ಬರಿಯ ಮಾತ್ರೆ ನುಂಗಿದವರಲ್ಲಿ 27 ಮಂದಿಗೆ ಘೋರವಾದ ಆಪತ್ತು ಒದಗಿತು. ಔಷಧ ಕೊಂಡವರಲ್ಲಿ ಇಬ್ಬರಿಗೆ ಮಾತ್ರ.

ಈಗ ರೆಸರ್ಪಿನ್ನನ್ನು ಬರೆಯುವ ವೈದ್ಯರು ವಿರಳ. ಮೂತ್ರದ ಮೂಲಕ ಉಪ್ಪುನೀರನ್ನು ಹೊರಹಾಕುವ ಮಾತ್ರೆಗಳೂ ಗುಂಡಿಗೆಯ ಓಟವನ್ನು ತಗ್ಗಿಸುವ ಮಾತ್ರೆಗಳೂ ಆಮೇಲೆ ಬಂದುವು. ಅವೆಲ್ಲಕ್ಕಿಂತ ನನಗೆ ಸೋಜಿಗವೆನಿಸಿದುದು ಒಂದು ಹಾವಿನ ಕಥೆ. ಬ್ರೆಜಿಲ್ ದೇಶದ ಒಂದು ಜಾತಿಯ ಮಂಡಲದ ಹಾವು ಕಚ್ಚಿದರೆ ಮನುಷ್ಯನ ಒತ್ತಡ ಥಟ್ಟನೆ ಕುಸಿಯುವುದು. ಅಲ್ಲಿಯ ಸೆರ್ಜಿಯೋ ಫೆರೇರ ಎಂಬ ವಿಜ್ಞಾನಿಯು 1965ರಲ್ಲಿ ಆ ವಿಷದ ಗುಣವನ್ನು ವಿವರಿಸಿದನು. ನಾಳಗಳನ್ನು ಬಿಗಿಯುವ ಆಂಜಿಯೊಟೆನ್ಸಿನ್ ಎಂಬ ವಸ್ತುವು ದೇಹದಲ್ಲಿ ಸಿದ್ಧವಾಗದಂತೆ ಅದು ತಡೆಯುವುದೆಂದು ಮುಂದೆ ಗೊತ್ತಾಯಿತು. ಅದರ ಮಾದರಿಯಲ್ಲಿ ರಚಿಸಿದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದ ಮಾರಾಟಕ್ಕೆ ಬಂದಿತು. ಹಾವಿನ ಕಡಿತಕ್ಕೆಂದು ಅರೆದ ಬೇರು ಒತ್ತಡಕ್ಕೆ ಮದ್ದಾಯಿತು. ಹಾವಿನ ವಿಷವೇ ಇನ್ನೊಂದು ಮದ್ದಿಗೆ ದಾರಿ ತೋರಿತು!

ದೊಡ್ಡಪ್ಪನವರಿಗೆ ನಾನು ಹೇಳಿದುದು ಇಷ್ಟು: "ನೀವು ಹೇಳುವ ಸತ್ತ್ವ ಬೇರಿನಲ್ಲಿ ಇರುವುದು ದಿಟ, ದೊಡ್ಡಪ್ಪಾ. ಆದರೆ ಒಂದು ಬೇರಿನಲ್ಲಿದ್ದಷ್ಟೇ ಇನ್ನೊಂದರಲ್ಲಿ ಇರದು. ಚಿಟಿಕೆ ಪುಡಿಯಲ್ಲಿ ಎಷ್ಟು ಹೋಯಿತೆಂದು ನಿಮಗೆ ಹೇಗೆ ತಿಳಿಯಬೇಕು?" ಇನ್ನೊಂದು ಮಾತನ್ನೂ ಸೇರಿಸಿದೆನು. ಬೇರಿಗಾಗಿ ಅಗೆದರೆ ಗಿಡವೇ ಹೋಗುವುದು. ಹಾಗೆ ಅಗೆದಗೆದು ಅಪರೂಪವಾದುದರಿಂದಲೇ 1990ರಲ್ಲಿ ಸರ್ಪಗಂಧಿಯನ್ನು ದೇಶದೇಶಗಳ ನಡುವಣ ವ್ಯಾಪಾರಕ್ಕೆ ಕಟ್ಟುಪಾಡುಳ್ಳ ಸಸ್ಯಗಳ ಪಟ್ಟಿಯಲ್ಲಿ ಸೇರಿಸಿರುವರು.

ಅವರು ಕೂಡಲೇ ಒಪ್ಪಲಿಲ್ಲ. ವೈದ್ಯರು ಪಟ್ಟಿ ಕಟ್ಟಿ ಅಳೆದು ಅಂಕೆಯನ್ನು ತೋರಿಸಿದ ಮೇಲೆ ಸುಮ್ಮನಾದರು. ಈಗ ಕ್ಯಾಪ್ಟೊಪ್ರಿಲ್ಲಿನ ಬಳಗದ ಎನಲಾಪ್ರಿಲ್ ಮಾತ್ರೆಯನ್ನು ದಿನವೂ ಬೆಳಗ್ಗೆ ನುಂಗುವರು. ಅದನ್ನು "ಹಾವಿನ ಮಾತ್ರೆ" ಎಂದೇ ಕರೆಯುವರು. ತೋಟದ ಅಂಚಿನಲ್ಲಿ ಒಂದು ಸರ್ಪಗಂಧಿಯ ಗಿಡ ಉಳಿದಿದೆ. ಅದರ ಬುಡಕ್ಕೆ ಗುದ್ದಲಿ ತಗಲಿಸಲು ಆಳುಗಳಿಗೆ ಅಪ್ಪಣೆಯಿಲ್ಲ.